ಕೆಟ್ಟ ಲಿಫ್ಟಿನ ಪುಣ್ಯ

"ರಿಪೇರಿ ಮಾಡಬೇಡಪ್ಪ, ನಿನ್ನ ದಮ್ಮಯ್ಯ!" ಎಂದಳು ಅಜ್ಜಿ.

ಮೇಲ್ತುದಿಯ ಮಹಡಿಯಲ್ಲಿ ಲಿಫ್ಟಿನ ವೈರುಗಳನ್ನು ಹೊರಗೆಳೆದು, ಬಾಯಲ್ಲೊಂದು ಸ್ಕ್ರೂ ಕಚ್ಚಿಕೊಂಡು ಕೂತಿದ್ದ ಮೆಕ್ಯಾನಿಕ್ ಆ ಸ್ಕ್ರೂ ನುಂಗುವುದೊಂದು ಬಾಕಿ. ಯಾಕಿಷ್ಟು ತಡ ಎಂದು ಬೈದವರನ್ನು ಕಂಡಿದ್ದ. ಮಾಡಲೇಬೇಡ ಎಂದವರನ್ನು ಕಂಡಿರಲಿಲ್ಲ.

"ಏನಜ್ಜಿ, ತಮಾಷೆನಾ? ಬೆಳಗ್ಗೆಯಿಂದ ಇಲ್ಲಿ ಬೆವರು ಸುರಿಸ್ತಾ ಇದೀನಿ."

"ಮೆಲ್ಲಗೆ ಮಾತಾಡು." ಎರಡೂ ಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದ ಅಜ್ಜಿ ಗೋಡೆ ಹಿಡಿದು ಹತ್ತಿರ ಬಂದಳು. "ನಮ್ಮನೆಯವರು ಕೆಳಗೆ ಹೋಗಿದಾರೆ, ಈಗ ಬಂದುಬಿಡ್ತಾರೆ. ದಿನಾ ಮೆಟ್ಟಿಲು ಹತ್ತಿ, ಗಟ್ಟಿಯಾಗಿರ್ತೀರಿ ಅಂತ ಡಾಕ್ಟ್ರು ಬಾಯಿ ಬಡ್ಕೊಂಡ್ರೂ ಕೇಳದ ಮನುಷ್ಯ. ಈ ಲಿಫ್ಟು ಕೆಟ್ಟಿದ್ದೇ ತಡ, ವಿಧಿಯಿಲ್ಲದೆ ಹತ್ತಿಳಿದು ಸಕ್ಕರೆ ಕಾಯಿಲೆ ಹತೋಟಿಗೆ ಬಂತು. ನೀನು ಸರಿ ಮಾಡಿದ್ಯೋ, ನಾಳೆಯಿಂದ ಮತ್ತೆ ಸೋಫಾಕ್ಕೆ ಅಂಟ್ಕೋತಾರೆ. ಸಾಮಾನು ಸಿಗಲಿಲ್ಲ ಅಂತ ಹೇಳಿ ಹೋಗಿಬಿಡು, ಪುಣ್ಯ ಬರುತ್ತೆ."

ಮೆಕ್ಯಾನಿಕ್ ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿತು. ಅಜ್ಜಿ ಸರಕ್ಕನೆ ಮನೆಯೊಳಗೆ ಸೇರಿಕೊಂಡಳು. ತರಕಾರಿ ಚೀಲ ಹಿಡಿದು ಮೇಲೆ ಬಂದ ಅಜ್ಜ ಮೊದಲು ಬಾಗಿಲ ಕಡೆ ನೋಡಿದ. ಆಮೇಲೆ ಮೆಕ್ಯಾನಿಕ್‌ನ ತೋಳು ಹಿಡಿದು ಮೆಟ್ಟಿಲ ತಿರುವಿಗೆ ಎಳೆದುಕೊಂಡು ಹೋದ.

"ಲೋ ಮಗಾ, ಇದು ಇವತ್ತೇ ಓಡಬೇಕು."

"ಯಾಕಜ್ಜ, ಹತ್ತೋಕಾಗಲ್ವಾ?"

"ನನಗೇನೋ ದಾಡಿ? ಕಲ್ಲುಗುಂಡು ಹಂಗಿದೀನಿ. ಅವಳ ಚಿಂತೆ ನನಗೆ. ಸಂಜೆಯಾದ್ರೆ ಪಾರ್ಕಿನಲ್ಲಿ ಅವಳದೊಂದು ದಂಡೇ ಇತ್ತು. ಒಂದು ಸುತ್ತು ನಡಿಗೆ, ನಾಲ್ಕು ಸುತ್ತು ಹರಟೆ. ಬಿಸಿಲು, ನಡಿಗೆ, ಜನರ ಜೊತೆ ಮಾತು, ಇದೇ ನಿಮಗೆ ಔಷಧಿ ಅಂದಿದ್ರು ಡಾಕ್ಟ್ರು. ಲಿಫ್ಟು ಕೆಟ್ಟಾಗಿಂದ ಕೆಳಗೇ ಇಳಿದಿಲ್ಲ. ಕಿಟಕಿ ಹತ್ರ ಕೂತು ರಸ್ತೆ ನೋಡ್ತಾಳೆ. ಊಟ ಅರ್ಧಕ್ಕೇ ಬಿಡ್ತಾಳೆ. ಏನಾಯ್ತೇ ಅಂದ್ರೆ, ನನಗೇನಾಗಿದೆ ಅಂತ ನನ್ನ ಮೇಲೇ ಹಾರ್ತಾಳೆ."

ಮೆಕ್ಯಾನಿಕ್‌ಗೆ ತಲೆ ಚಿಟ್ಟು ಹಿಡಿಯಿತು. ಸರಿ ಮಾಡಿದರೆ ಅಜ್ಜ ಕೂತುಬಿಡುತ್ತಾನೆ, ಬಿಟ್ಟರೆ ಅಜ್ಜಿ ಕೊರಗುತ್ತಾಳೆ. ಯಾರ ಆಯಸ್ಸು ಕಳೆದು ಯಾರಿಗೆ ಕೂಡಿಸಬೇಕು? ವೈರುಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾ ಉಳಿದ ಕೆಲಸ ಮುಗಿಸಿ ಸ್ವಿಚ್ ಅದುಮಿದ. ಲಿಫ್ಟಿನೊಳಗೆ ದೀಪ ಹತ್ತಿತು.

"ಅಜ್ಜೀ, ಹೊರಗೆ ಬನ್ನಿ! ಇಬ್ಬರೂ ಕೇಳಿ. ಅಜ್ಜಿ ಲಿಫ್ಟಲ್ಲಿ ಇಳೀಲಿ, ಅಜ್ಜ ಮೆಟ್ಟಿಲಲ್ಲಿ ಇಳೀಲಿ. ಇದಕ್ಕೇನು ಕೋರ್ಟಿಗೆ ಹೋಗ್ಬೇಕಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಕಣ್ಣೆದುರಿಗೆ ಲಿಫ್ಟಿದ್ರೆ ಇವರು ಮೆಟ್ಟಿಲು ತುಳೀತಾರಾ?" ಎಂದಳು ಅಜ್ಜಿ.

"ತುಳೀತೀನಿ ಕಣೇ. ಆದ್ರೆ ನೀನೊಬ್ಬಳೇ ಇದರೊಳಗೆ ಹೋಗ್ತೀಯಾ? ನಡುವೆ ನಿಂತುಬಿಟ್ರೆ?"

"ನಾನು ರಿಪೇರಿ ಮಾಡಿದ ಲಿಫ್ಟು ನಡುವೆ ನಿಲ್ಲುತ್ತಾ?" ಮೆಕ್ಯಾನಿಕ್ ಕೆರಳಿದ. "ಹತ್ತಿ, ಅಜ್ಜಿ!"

ಅಜ್ಜಿ ಹತ್ತಿದಳು. ಅಜ್ಜನ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಮುಚ್ಚಲು ಬಂದ ಬಾಗಿಲು ಅವನಿಗೆ ತಾಗಿ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು.

"ಹೋಗ್ರೀ, ಮೆಟ್ಟಿಲಲ್ಲಿ ಹೋಗಿ," ಎನ್ನುತ್ತಲೇ ಅಜ್ಜಿ ಅವನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.