ಮೂರನೆಯ ರಿಮೋಟ್

ಕಾರ್ ಶೆಡ್ಡಿನ ಶಟರ್‌ಗೆ ಮೂರು ರಿಮೋಟ್. ಯಾವುದನ್ನು ಒತ್ತಿದರೆ ಮನೆಯಲ್ಲಿ ಯಾವ ದೀಪ ಹತ್ತಬೇಕು ಎಂದು ಜೋಡಿಸಲು ಮೆಕ್ಯಾನಿಕ್ ಬೆಳಿಗ್ಗೆಯೇ ಏಣಿ ಹತ್ತಿದ್ದ. ಮನೆಯಾಕೆಯ ರಿಮೋಟ್‌ಗೆ ಅಡುಗೆಮನೆ ದೀಪ, ಮಹಡಿಯ ಬಾಡಿಗೆಯವರದಕ್ಕೆ ಮೆಟ್ಟಿಲ ದೀಪ.

"ಮೂರನೇದು ಕೊಡಿ ಅಮ್ಮ."

"ಅದು ಮನೇಲಿಲ್ಲಪ್ಪ. ವರ್ಷಗಳೇ ಆದವು."

ಕೆಳಗಿನ ಮನೆಯಲ್ಲಿ ಆಕೆ ಒಬ್ಬರೇ. ಮೆಕ್ಯಾನಿಕ್ ಏಣಿಯ ಮೇಲಿಂದಲೇ ಕೆಳಗೆ ಬಗ್ಗಿದ.

"ಮಷೀನಿನಲ್ಲಿ ಅದರ ಕೋಡ್ ಇನ್ನೂ ಹಾಗೇ ಇದೆ. ಯಾರ ಕೈಗೆ ಸಿಕ್ಕಿದ್ರೂ ಶಟರ್ ತೆಗೀಬಹುದು. ಅಳಿಸಿಬಿಡ್ತೀನಿ."

"ಅಳಿಸಬೇಡ. ಅದನ್ನ ಒತ್ತಿದ್ರೆ ನನ್ನ ಮಂಚದ ಪಕ್ಕದ ದೀಪ ಹತ್ತೋ ಹಾಗೆ ಮಾಡು. ಎಂಥ ನಿದ್ದೆಯಲ್ಲಿದ್ರೂ ಎಚ್ಚರ ಆಗಬೇಕು."

ಭಲೇ ಗಟ್ಟಿಗಿತ್ತಿ ಅಂದುಕೊಂಡ ಅವನು.

"ಜೊತೆಗೊಂದು ಸೈರನ್ನೂ ಹಾಕಿಬಿಡ್ತೀನಿ ಅಮ್ಮ. ಬಂದೋನು ಕಾಲಿಗೆ ಬುದ್ಧಿ ಹೇಳಬೇಕು!"

ಆಕೆ ಗಾಬರಿಯಿಂದ ಏಣಿಯನ್ನು ಹಿಡಿದುಕೊಂಡರು.

"ಸೈರನ್ ಬೇಡಪ್ಪ. ನಮ್ಮ ಯಜಮಾನರು ಮೊದಲೇ ಪುಕ್ಕಲು. ಬಾಗಿಲ ತನಕ ಬಂದೋರು ಮತ್ತೆ ಹೊರಟುಹೋಗಿಬಿಟ್ಟಾರು."