ಹಲಗೆ ಬೀಳುವ ಮುನ್ನ

ಆ ಸೋಮವಾರ ಬೆಳಗ್ಗೆ ಚಾಚಿದ ಕೈಯ ಬೆರಳೂ ಕಾಣದಷ್ಟು ಮಂಜು. ದರ್ಜಿಯಜ್ಜ ಹೊಸ ಬೀದಿಯ ತುದಿಯಿಂದ ಮರದ ಚೌಕಟ್ಟುಗಳನ್ನು ಕೈಯಿಂದ ಮುಟ್ಟಿ ಮುಟ್ಟಿ ಎಣಿಸುತ್ತ ಬಂದರು. ಒಂದು, ಎರಡು, ಮೂರು. ಎಲ್ಲವೂ ಒಂದೇ ಅಳತೆಗೆ ಕತ್ತರಿಸಿದ ಅಂಗಿಗಳಂತೆ. ಗೋಡೆಯಿಲ್ಲ, ಬಾಗಿಲಿಲ್ಲ, ಬರೀ ಕಂಬ ಮತ್ತು ತೊಲೆ. ಒಳಗೆ ಕಾಲಿಟ್ಟು, ದೇವರನ್ನು ನೆನೆದು, ತೂಗುಗುಂಡಿನ ದಾರ ಇಳಿಬಿಟ್ಟರು.

"ಮೇಸ್ತ್ರಿ, ಈ ಕಂಬ ಒಂದು ಬೆರಳು ವಾಲಿದೆ."

ಮೇಸ್ತ್ರಿ ಏಣಿಯ ಮೇಲಿಂದಲೇ ಹೇಳಿದ, "ಮಂಜಲ್ಲಿ ಹಾಗೇ ಕಾಣತ್ತೆ, ಯಜಮಾನ್ರೇ."

"ಮಂಜಿಗೆ ಗುಂಡೂ ವಾಲತ್ತೇನಪ್ಪಾ?"

ಶನಿವಾರ ಗೋಡೆಗೆ ಹಲಗೆ ಹೊಡೆಯುವವರು ಬರುತ್ತಾರೆ. ಹಲಗೆ ಬಿತ್ತೆಂದರೆ ಒಳಗಿನ ಸೊಟ್ಟ ಒಳಗೇ. ಅಜ್ಜನ ಹಣೆಯ ಮೇಲೊಂದು ಹಳೆಯ ಗಾಯವಿತ್ತು. ಬಾಡಿಗೆ ಮನೆಯ ಮಾಡು ಕುಸಿದು ಆದದ್ದು. ನಲವತ್ತು ವರ್ಷ ಹೊಲಿದದ್ದೆಲ್ಲ ಈ ಒಂದು ಮನೆಗೆ ಸುರಿದಾಗಿತ್ತು. ಇನ್ನೊಂದು ಕಟ್ಟಿಸುವ ಆಯುಸ್ಸಿಲ್ಲ. ಅದಕ್ಕೇ ವಯಸ್ಸಾದ ಬಡಗಿಯೊಬ್ಬರ ಹಿಂದೆ ಮೂರು ತಿಂಗಳು ಅಲೆದು, ಏನೇನು ನೋಡಬೇಕೆಂದು ಕಲಿತು ಬಂದಿದ್ದರು.

ಮರುದಿನದಿಂದ ಎಣಿಸುವ ಗೋಜೂ ಇರಲಿಲ್ಲ. ಮೇಸ್ತ್ರಿಯ ಗೊಣಗಾಟ ಕೇಳಿದ ಕಡೆ ನಡೆದರಾಯಿತು.

ಮರದ ರಾಶಿಯ ಮೇಲೆ, ಕೊಡೆ ಊರಿಕೊಂಡು, ಅರ್ಧ ತಲೆ ನರೆತ ಹೆಂಗಸೊಬ್ಬರು ಕೂತಿರುತ್ತಿದ್ದರು. ಪಕ್ಕದಲ್ಲಿ ಫ್ಲಾಸ್ಕು. ಅಜ್ಜನಿಗೂ ಮೇಸ್ತ್ರಿಗೂ ಅಳೆದಂತೆ ಕಾಫಿ ಕೊಡುವರು. ಅಜ್ಜ ಸೀಮೆಸುಣ್ಣದಲ್ಲಿ ಗುರುತು ಹಾಕಿದ ಕೂಡಲೇ ಎದ್ದು ಬರುವರು.

"ಇದು ಯಾಕೆ ತಪ್ಪು?"

"ಕಿಟಕಿ ಮೇಲೆ ಭಾರ ಹೊರೋ ಅಡ್ಡತೊಲೆಯೇ ಇಲ್ಲ. ನಾಳೆ ಮಾಡು ಬಂದು ಗಾಜಿನ ಮೇಲೆ ಕೂರತ್ತೆ."

"ಇದು?"

"ನಲ್ಲಿಯವನು ಕೊಳವೆ ದಾಟಿಸೋಕೆ ಜಂತಿಯ ಹೊಟ್ಟೆಯನ್ನೇ ಕೊಯ್ದಿದ್ದಾನೆ. ಪಕ್ಕಕ್ಕೆ ಇನ್ನೊಂದು ಜಂತಿ ಜೋಡಿಸ್ಬೇಕು."

"ಎಷ್ಟುದ್ದದ್ದು?"

"ಪೂರ್ತಿ ಉದ್ದದ್ದು. ತೇಪೆ ಹಾಕೋಕೆ ಇದೇನು ಹರಿದ ಚಡ್ಡಿಯೇ?"

ಮೇಸ್ತ್ರಿ ಏನೋ ಗೊಣಗಿದ. ಆಕೆ ಕೊಡೆಯ ತುದಿಯಿಂದ ಏಣಿಗೆ ತಟ್ಟಿದರು. "ಹೇಳಿದಷ್ಟು ಮಾಡೋ. ಬಾಯಿ ಬದಲು ಸುತ್ತಿಗೆ ಆಡ್ಲಿ."

ಬುಧವಾರ ಅಜ್ಜ ಅಟ್ಟ ಹತ್ತಿದ್ದಾಗ ಮೇಸ್ತ್ರಿ ಆಕೆಗೆ ಕೈ ಮುಗಿದ. "ಅಮ್ಮಾ, ನಿಮ್ಮ ಮನೆಯವರಿಗೆ ನೀವಾದ್ರೂ ಹೇಳಿ. ಒಂದು ಮೊಳೆ ಗುರಿ ತಪ್ಪಿದ್ರೂ ಬಿಡಲ್ಲ. ಹೇಗೆ ಸಂಸಾರ ಮಾಡ್ತೀರೋ, ಆ ದೇವರಿಗೇ ಗೊತ್ತು."

ಆಕೆ ನಕ್ಕು, ಅವನ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದರು.

ಮಧ್ಯಾಹ್ನ ಅಜ್ಜ ಅಂಗಡಿಗೆ ಹೊರಟರೂ ಆಕೆ ಮಾತ್ರ ಕತ್ತಲಾಗುವವರೆಗೆ ಅಲ್ಲೇ ಸುತ್ತುವರು. ಪಕ್ಕದ ಮನೆಯ ಮೇಸ್ತ್ರಿಯಂತೂ ಯಾಕೋ ಆ ಕೊಡೆ ಕಂಡರೆ ಮರದ ರಾಶಿಯ ಹಿಂದೆ ಅಡಗುತ್ತಿದ್ದ.

ಶುಕ್ರವಾರ ಕೊನೆಯ ಕಂಬ ನೆಟ್ಟಗಾಯಿತು. ಅಜ್ಜ ಗುಂಡು ಇಳಿಬಿಟ್ಟು ಬಹಳ ಹೊತ್ತು ನೋಡಿದರು. "ಇನ್ನು ಹಲಗೆಯ ಅಸ್ತರು ಹಾಕ್ಬಹುದು," ಎಂದರು. ಮೇಸ್ತ್ರಿಯೂ ತನ್ನದೇ ಕೆಲಸವನ್ನು ಮೊದಲ ಸಲ ಕಂಡವನಂತೆ ನಿಂತ.

ಶನಿವಾರ ಮಧ್ಯಾಹ್ನದೊಳಗೆ ಬೀದಿಯ ಎಲ್ಲ ಮನೆಗಳಿಗೂ ಹಲಗೆ ಬಿತ್ತು. ಹಿಂದೆಯೇ, ಮನೆಗಳನ್ನು ಮಾರಿದ ಕಚೇರಿಯವನೊಬ್ಬ ನಂಬರಿನ ತಗಡು ಹೊಡೆಯುತ್ತ ಬಂದ. ಈ ಬಾಗಿಲ ಪಕ್ಕ ಹೊಡೆದದ್ದು ನಾಲ್ಕು.

ಅಜ್ಜ ಜೇಬಿನಿಂದ ಮನೆಯ ಕಾಗದ ತೆಗೆದರು. ಅದರಲ್ಲಿದ್ದದ್ದು ಮೂರು. ಮಂಜಿನಲ್ಲಿ ಒಂದು ಮನೆ ಕೈತಪ್ಪಿತ್ತು. ಪಕ್ಕದ ಮನೆಯತ್ತ ನೋಡಿದರು. ಅದರ ಹೊಟ್ಟೆಯೊಳಗೆ ಏನಿದೆಯೆಂದು ಇನ್ನು ಯಾರಿಗೂ ಕಾಣದು.

"ಹಾಗಾದ್ರೆ ಇದು ಯಾರ ಮನೆ?"

"ನಂದು, ಅಣ್ಣಾ," ಎಂದರು ಕೊಡೆಯ ಹೆಂಗಸು.

ಮೇಸ್ತ್ರಿಯ ತುಟಿಯಲ್ಲಿದ್ದ ಮೊಳೆ ಕೆಳಗೆ ಬಿತ್ತು.

"ನೀವು ಮೇಸ್ತ್ರಿಯ ಅಕ್ಕ ಅಂದ್ಕೊಂಡಿದ್ನಲ್ಲಮ್ಮಾ," ಎಂದರು ಅಜ್ಜ.

"ಮೊದಲ ದಿನವೇ ಹೇಳ್ಬೇಕಿತ್ತು. ಹೇಳಿದ್ರೆ ಹೊರಟುಬಿಡ್ತೀರಿ ಅನ್ನೋ ಸ್ವಾರ್ಥ. ನನಗೆ ಕಂಬ ಯಾವುದು, ತೊಲೆ ಯಾವುದು ಅಂತಾನೂ ಗೊತ್ತಿರ್ಲಿಲ್ಲ. ಪಕ್ಕದ ಮನೆಗೆ ಯಾರೂ ಬರ್ಲಿಲ್ಲ ನೋಡಿ, ಆಗ ಅದು ನಿಮ್ಮದೇ ಅಂತ ತಿಳೀತು. ಅಲ್ಲಿಯ ಮೇಸ್ತ್ರಿ ನಾನೇ ಯಜಮಾನಿ ಅಂದ್ಕೊಂಡ. ನಾನೂ ಅಲ್ಲ ಅನ್ನಲಿಲ್ಲ."

ಆಕೆ ಮಡಿಸಿದ ಹಾಳೆಯೊಂದನ್ನು ಅಜ್ಜನ ಕೈಗಿಟ್ಟರು: ಮೂರನೆಯ ನಂಬರಿನ ಮನೆಯ ಹತ್ತೊಂಬತ್ತು ತಪ್ಪುಗಳು, ಪ್ರತಿಯೊಂದರ ಮುಂದೆಯೂ ಅದನ್ನು ಸರಿಪಡಿಸಿದ ದಿನ, ಕೊನೆಯದರ ಮುಂದೆ ನಿನ್ನೆಯ ತಾರೀಕು.