ತೇಲೂರಿನ ಮನೆ

ಲಕ್ಷಾಂತರ ಜನ ಕಣ್ಣಿಗೆ ಆಟದ ಕನ್ನಡಕ ಹಾಕಿಕೊಂಡು ಒಟ್ಟಿಗೆ ಬಾಳುವ ಆನ್‌ಲೈನ್ ಆಟದ ಊರು ತೇಲೂರು. ಆಡುವವರು ಕನ್ನಡಕ ತೆಗೆದಿಟ್ಟರೂ ಅಲ್ಲಿನ ನದಿ ಹರಿಯುತ್ತಲೇ ಇರುತ್ತದೆ. ಒಳಗೆ ಜಿನುಗಿದ ನೀರನ್ನು ದಿನವೂ ಎತ್ತಿಹಾಕದಿದ್ದರೆ ತೇಲುಮನೆ ಮುಳುಗುತ್ತದೆ. ತವರಿನಲ್ಲಿ ಬಾಣಂತನ ಮುಗಿಸಿ ಬಂದ ಗುರಸಿದ್ದವ್ವ, ತಾನು ಕಟ್ಟಿದ ಮನೆಯ ಆಸೆ ಬಿಟ್ಟೇ ಕನ್ನಡಕ ಹಾಕಿಕೊಂಡಳು.

ಮನೆ ತೇಲುತ್ತಿತ್ತು. ಒಳಗೆ ಗಿರಿಜಾಮೀಸೆಯ ಯೋಧನೊಬ್ಬ ಬಕೆಟಿನಿಂದ ನೀರು ಎತ್ತಿಹಾಕುತ್ತಿದ್ದ.

“ಯಾರ್ರೀ ನೀವು? ಇದು ನನ್ನ ಮನಿ.”

“ನಾನ ಬೇ, ನಿಮ್ಮತ್ತಿ,” ಎಂದ ಯೋಧ.

ಈ ಆಟಕ್ಕಾಗಿ ಗುರಸಿದ್ದವ್ವನನ್ನು ದಿನವೂ ಬೈಯುತ್ತಿದ್ದವರು ಅತ್ತೆಯೇ.

“ನೀ ಹಡದ ಸುದ್ದಿ ಇಲ್ಲಿಯ ನಿನ್ನ ಗೆಳತ್ಯಾರಿಗೆ ಹೇಳಿ ಹೋಗೂಣು ಅಂತ ಬಂದಿದ್ನಿ. ನೋಡಿದ್ರ ಮನಿ ಮುಳುಗಾಕ ಹತ್ತಿತ್ತು. ಸೊಸಿ ಕಟ್ಟಿದ ಮನಿ, ಹೆಂಗ ಬಿಡ್ಲಿ? ದಿನಾ ಬಂದ್ನಿ.”

“ಮತ್ತ ಈ ಮೀಸಿ ಯಾಕ್ರೀ ಅತ್ತಿ?”

“ಭೇಷ್ ಕಾಣ್ತೈತಿ, ಸುಮ್ನಿರು.”

ಗುರಸಿದ್ದವ್ವನಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಳ್ಳಲು ಕನ್ನಡಕ ಸರಿಸಿದಳು. ಪಡಸಾಲೆಯಲ್ಲಿ ಅತ್ತೆ ಕನ್ನಡಕ ಹಾಕಿಕೊಂಡು ಕೂತಿದ್ದರು. ಕೈ ಗಾಳಿಯಲ್ಲಿ ನೀರೆತ್ತುತ್ತಿತ್ತು. ಚಾಚಿದ ಕಾಲುಗಳ ಮೇಲೆ ಮಲಗಿದ್ದ ಕೂಸನ್ನು ಮೆಲ್ಲಗೆ ತೂಗುತ್ತಿದ್ದರು.